ನೀರಿಗೆ ಕಂಬಳಿ ಹೊದಿಸಿದವರು

ಅವರು ನಮ್ಮ ಮನೆಗೆ ಮೊದಲ ಸಲ ಬಂದದ್ದು ಮೋಟಾರು ಬಿಚ್ಚಿಕೊಂಡು ಹೋಗಲು. ಅವರ ಊರಾದ ಬಿ.ದುರ್ಗದ ರೈತರೊಬ್ಬರಿಗೆ ಕೃಷಿ ಹೊಂಡದಿಂದ ನೀರೆತ್ತಲು ಒಂದು ಹಳೆಯ ಮೋಟಾರು ಬೇಕಿತ್ತಂತೆ. ಚಿತ್ರದುರ್ಗದಲ್ಲಿ ಯಾರೋ ಮೇಡಂ ಈಜುಕೊಳ ಮುಚ್ಚಿಸುತ್ತಿದ್ದಾರೆ, ಹೋಗಿ ನೋಡಿ ಎಂದು ಅಂಗಡಿಯವನು ಅವರನ್ನು ಕಳಿಸಿದ್ದ. ಆ ಮೇಡಂ ನಾನು.

ಈಜುಕೊಳ ಎಂದ ಕೂಡಲೇ ನಮ್ಮನ್ನು ದೊಡ್ಡ ಸಾಹುಕಾರರೆಂದು ತಿಳಿಯಬೇಡಿ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟವಳು. ನಮ್ಮ ಯಜಮಾನರು ಸರ್ಕಾರಿ ಕಚೇರಿಯಲ್ಲಿ ಫೈಲು ನೋಡಿ ನಿವೃತ್ತರಾದವರು. ಹಿರಿಯೂರು ರಸ್ತೆಯ ಕಡೆ, ಊರ ಹೊರಗೆ ಈ ಮನೆಯನ್ನು ಕೊಂಡಾಗ ಹಿತ್ತಲಲ್ಲಿ ಒಂದು ಕೊಳ ಇತ್ತು, ಅಷ್ಟೆ. ಕಟ್ಟಿಸಿದವರು ಒಂದು ಬೇಸಿಗೆ ಈಜಿ ಬೇಸತ್ತಿರಬೇಕು. ಬೇವಿನೆಲೆ ತುಂಬಿಕೊಂಡು ಖಾಲಿ ಬಿದ್ದಿತ್ತು. ಮಣ್ಣು ತುಂಬಿಸಿ ಕರಿಬೇವು, ನುಗ್ಗೆ ಹಾಕೋಣ ಎಂದು ಯಜಮಾನರು ವರ್ಷಗಟ್ಟಲೆ ಹೇಳುತ್ತಲೇ ಇದ್ದರು.

ಅಷ್ಟರಲ್ಲಿ ನಾನು ಸ್ಕೂಟರಿನಿಂದ ಬಿದ್ದೆ. ಸೊಂಟ ಮುರಿಯಿತು, ತೊಡೆಯ ಮೂಳೆ ಮುರಿಯಿತು. ಎರಡು ಆಪರೇಷನ್ ಆದರೂ ಎಡಗಾಲು ನನ್ನ ಮಾತು ಕೇಳಲಿಲ್ಲ. ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಸ್ಟ್ ಒಂದು ದಿನ ಹಿತ್ತಲಿನ ಕೊಳ ನೋಡಿ, "ಇದನ್ನ ಇಟ್ಕೊಂಡು ಸುಮ್ನೆ ಕೂತಿದೀರಲ್ಲ ಮೇಡಂ" ಎಂದಳು. ಬೆಚ್ಚಗಿನ ನೀರಲ್ಲಿ ದೇಹದ ಭಾರ ಇಳಿಯುತ್ತದೆ, ಕಾಲು ನಡಿಗೆಯನ್ನು ಮತ್ತೆ ಕಲಿಯುತ್ತದೆ ಎಂದಳು. ಕೊಳವನ್ನು ತೊಳೆಸಿ, ದೊಡ್ಡ ಮೋಟಾರು, ಕರೆಂಟಿನ ಹೀಟರು ಹಾಕಿಸಿದೆವು. ಏಳು ತಿಂಗಳಿಂದ ನಿಲ್ಲದವಳು ಎದೆಮಟ್ಟದ ನೀರಲ್ಲಿ ಕಂಬಿ ಹಿಡಿದು ನಿಂತೆ. ಆ ದಿನ ನನಗಾದದ್ದನ್ನು ಸಂತೋಷ ಎಂದರೆ ಸಾಲದು.

ಆಮೇಲೆ ಕರೆಂಟು ಬಿಲ್ಲು ಬಂತು. ಮುಂದಿನ ತಿಂಗಳು ಇನ್ನೂ ದೊಡ್ಡದು ಬಂತು. ಆಷಾಢದ ಗಾಳಿ ಶುರುವಾದ ಮೇಲಂತೂ ಹಗಲೆಲ್ಲ ಹೀಟರು ಉರಿದರೂ ಬೆಳಿಗ್ಗೆ ನೀರು ಕೊರೆಯುತ್ತಿತ್ತು. ನನ್ನ ಪಿಂಚಣಿಯಲ್ಲಿ ಅದನ್ನು ಸಾಕಲಾಗದು ಎಂದು ನನಗೇ ಗೊತ್ತಾಯಿತು. ಮುಚ್ಚಿಬಿಡಿ ಎಂದು ನಾನೇ ಹೇಳಿದೆ. ಹೇಳಿ, ಒಳಗೆ ಹೋಗಿ ಗೋಡೆ ಕಡೆ ತಿರುಗಿ ಮಲಗಿದೆ.

ಮಣ್ಣಿನ ಟ್ರ್ಯಾಕ್ಟರು ಬರಲು ಇನ್ನು ನಾಲ್ಕು ದಿನ ಇತ್ತು. ಆಗ ಬಂದರು ಅವರು.

ಅರವತ್ತೈದರ ಆಸುಪಾಸು. ಮಾಸಿದ ಬಿಳಿ ಅಂಗಿ, ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಕ್ಯಾನ್ವಾಸ್ ಚೀಲ. ಹಿತ್ತಲಿಗೆ ಹೋಗುವ ಮೊದಲು ಚಪ್ಪಲಿ ಬಿಟ್ಟರು. ಚೀಲದಿಂದ ಉದ್ದನೆಯ ಸ್ಕ್ರೂಡ್ರೈವರ್ ತೆಗೆದು, ಅದರ ತುದಿಯನ್ನು ಓಡುತ್ತಿದ್ದ ಮೋಟಾರಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚಿದರು. ಡಾಕ್ಟರು ಎದೆ ಬಡಿತ ಕೇಳುವ ಹಾಗೆ. ಆಮೇಲೆ ಎದ್ದು ನನ್ನ ಗಾಲಿಕುರ್ಚಿಯ ಹತ್ತಿರ ಬಂದರು.

"ಮೋಟ್ರು ಗಟ್ಟಿ ಐತೆ ಮೇಡಮ್ಮೋರೆ. ಯಾಕೆ ಬಿಚ್ಚಿಸ್ತೀರಿ?"

"ಕರೆಂಟು ಬಿಲ್ಲು ಕಟ್ಟೋಕೆ ಆಗ್ತಿಲ್ಲ."

"ಇದನ್ನ ಬಳಸೋರು ಯಾರು?"

"ನಾನೊಬ್ಬಳೇ."

ಅವರು ನನ್ನ ಕಾಲನ್ನು ನೋಡಲಿಲ್ಲ. ನೋಡದೆ ಇರುವುದನ್ನು ಬಲ್ಲವರಾಗಿದ್ದರು. ಕೊಳದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ನೀರಿಗೆ ಕೈ ಬಿಟ್ಟರು. ತಲೆಯೆತ್ತಿ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡಿದರು. ಆಮೇಲೆ ನನ್ನ ಕುರ್ಚಿಯನ್ನು ಮೆಟ್ಟಿಲ ತನಕ ತಳ್ಳಿಕೊಂಡು ಬರುವಂತೆ ಯಜಮಾನರಿಗೆ ಹೇಳಿದರು.

"ಎರಡೂ ಕೈ ನೀರಿಗೆ ಅದ್ರಿ ಮೇಡಮ್ಮೋರೆ. ಹ್ಞಾ. ಈಗ ಒಂದು ಕೈ ಸೆರಗಿನಾಗೆ ಮುಚ್ಕಳ್ರಿ. ಇನ್ನೊಂದು ಗಾಳಿಗೆ ಹಿಡೀರಿ."

ಹಿಡಿದೆ. ಗಾಳಿಗೆ ಹಿಡಿದ ಕೈ ಒಂದೇ ಗಳಿಗೆಯಲ್ಲಿ ತಣ್ಣಗಾಯಿತು. ಸೆರಗಿನೊಳಗಿನ ಕೈ ಬೆಚ್ಚಗೇ ಇತ್ತು.

"ಕಾಯ್ಸೋರು ನೀವು, ತಿನ್ನೋದು ಗಾಳಿ," ಎಂದರು. "ಚಳಿ ಆದ್ರೆ ಮನ್ಷ ಕಂಬ್ಳಿ ಹೊದ್ಕಂತಾನೆ. ನೀರಿಗೆ ಹೊದ್ಸೋರು ಯಾರು?"

ಮೂವತ್ತು ವರ್ಷ ಕರಿಹಲಗೆಯ ಮೇಲೆ ಗುಪ್ತೋಷ್ಣದ ಸೂತ್ರ ಬರೆದವಳು ನಾನು. ನೀರು ಆವಿಯಾಗುವಾಗ ಶಾಖವನ್ನು ಹೊತ್ತೊಯ್ಯುತ್ತದೆ, ಮಡಕೆಯ ನೀರು ತಣ್ಣಗಿರುವುದು ಅದಕ್ಕೇ ಎಂದು ಎಷ್ಟು ಮಕ್ಕಳಿಗೆ ಹೇಳಿಲ್ಲ! ನನ್ನ ಹಿತ್ತಲಿನ ನೀರಿನ ಬಿಸಿ ಎಲ್ಲಿಗೆ ಹೋಗುತ್ತಿದೆ ಎಂದು ಮಾತ್ರ ಒಂದು ದಿನವೂ ಕೇಳಿಕೊಂಡಿರಲಿಲ್ಲ. ಒದ್ದೆ ಕೈ ಹಿಡಿದುಕೊಂಡು ನಗು ಬಂತು. ಬಿದ್ದ ಮೇಲೆ ಅದೇ ಮೊದಲ ನಗು ಎಂದು ಯಜಮಾನರು ಆಮೇಲೆ ಹೇಳಿದರು.

"ನನಗೊಂದು ತಿಂಗ್ಳು ಕೊಡ್ರಿ," ಎಂದರು ಅವರು. "ಆಗ್ಲಿಲ್ಲ ಅಂದ್ರೆ ನಾನೇ ಮೋಟ್ರು ಬಿಚ್ಕಂಡು ಹೋಗ್ತೀನಿ."

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಯಾವ ಕೆಲಸದ ಮೇಲೂ ಹೆಸರು ಬರೆಸಿದವರಲ್ಲ ಅವರು. ಹಿರಿಯೂರಿನ ಹತ್ತಿರ ಬಬ್ಬೂರಿನ ಕಡೆ ಒಂದು ತೋಟದಲ್ಲಿ ಬಹಳ ವರ್ಷ ಪಂಪು ನೋಡಿಕೊಂಡಿದ್ದು, ಆಮೇಲೆ ತಮ್ಮೂರು ಬಿ.ದುರ್ಗಕ್ಕೆ ವಾಪಸಾಗಿದ್ದರು. ಕುರಿ ಕಾಯುವ ಮನೆತನ. ಶಾಲೆಗೆ ಹೋದದ್ದು ನಾಲ್ಕನೇ ತರಗತಿಯವರೆಗೆ. "ಆಮ್ಯಾಲೆ ಕುರಿ ಕಲಿಸ್ತು, ಆಮ್ಯಾಲೆ ಮೋಟ್ರು ಕಲಿಸ್ತು" ಎನ್ನುತ್ತಿದ್ದರು.

ಮೊದಲ ದಿನ ಅವರು ಕೊಳದ ಗೊಡವೆಗೇ ಹೋಗಲಿಲ್ಲ. ಅರ್ತಿಂಗ್ ತಂತಿ ಎಲ್ಲಿದೆ ಎಂದು ಹುಡುಕಿದರು. ನೆಲದಲ್ಲಿ ಎರಡಡಿ ಹೋಗಿ ಅದು ತುಕ್ಕು ಹಿಡಿದು ತುಂಡಾಗಿತ್ತು. ಗುಂಡಿ ತೋಡಿಸಿ ಹೊಸದು ಹಾಕಿದರು. ಶಾಕ್ ಹೊಡೆಯುವ ಮೊದಲೇ ಕರೆಂಟು ಕಡಿದುಬಿಡುವ ಸ್ವಿಚ್ಚು ಕೂರಿಸಿ, ಮೂರು ಸಲ ಒತ್ತಿ ನೋಡಿದರು. ಖರ್ಚು ಕಡಿಮೆ ಮಾಡಲು ಬಂದವರು ಖರ್ಚು ಏರಿಸುತ್ತಿದ್ದಾರಲ್ಲ ಎಂದು ಯಜಮಾನರು ಗೊಣಗಿದರು.

"ಮೊದ್ಲು ಜೀವ ಸಾಹೇಬ್ರೆ, ಆಮ್ಯಾಲೆ ಬಿಲ್ಲು," ಎಂದರು. ತಿರುಪು ಬಿಗಿಯುತ್ತಲೇ, "ನಮ್ಮಣ್ಣ ಹೊಲದಾಗೆ ಮೋಟ್ರಿನ ಒದ್ದೆ ಸ್ಟಾರ್ಟ್ರು ಮುಟ್ಟಿ ಹೋದ" ಎಂದರು. ಆಮೇಲೆ ಕುಡಿಯಲು ನೀರು ಕೇಳಿದರು.

ಹೊದಿಕೆಗೆ ಅವರು ತಂದದ್ದು ಪುಕ್ಕಟೆಯ ಮಾಲು. ಫ್ರಿಜ್ಜು, ಟಿವಿಗಳಿಗೆ ಸುತ್ತಿ ಬರುವ ಗುಳ್ಳೆ ಪ್ಲಾಸ್ಟಿಕ್ಕನ್ನು ಪೇಟೆಯ ಅಂಗಡಿಗಳಿಂದ ಒಟ್ಟುಮಾಡಿ, ಅಂಟಿಸಿ, ನೀರಿನ ಮೇಲೆ ಹಾಸಿದರು. ನೋಡಲು ಅಸಹ್ಯವಾಗಿತ್ತು. ಮರುದಿನ ಬೆಳಿಗ್ಗೆ ಗಾಲಿಕುರ್ಚಿಯಲ್ಲಿ ಹೋಗಿ ಅಂಚಿನಲ್ಲಿ ಬಗ್ಗಿ ಕೈಯಿಟ್ಟೆ. ನೀರು ರಾತ್ರಿಯಿಡೀ ತನ್ನ ಬಿಸಿಯನ್ನು ಕಾಪಾಡಿಕೊಂಡಿತ್ತು. ಆ ಹೊದಿಕೆ ಬಿಸಿಲಿಗೆ ಎರಡೇ ತಿಂಗಳಲ್ಲಿ ಪುಡಿಯಾಯಿತು. ಆದರೆ ಅಷ್ಟರಲ್ಲಿ ನಮಗೆ ನಂಬಿಕೆ ಬಂದು, ಗಟ್ಟಿಯಾದದ್ದನ್ನೇ ತರಿಸಿದೆವು.

ಹೊಸ ಹೊದಿಕೆಗೆ ಅವರೊಂದು ಉರುಳೆ ಮಾಡಿದರು. ದಪ್ಪ ಪಿವಿಸಿ ಪೈಪು, ಒಂದು ತುದಿಗೆ ಹಳೆ ಸೈಕಲ್ಲಿನ ಪೆಡಲು. ಯಜಮಾನರು ತಿರುಗಿಸಿ, "ಚೆನ್ನಾಗಿದೆ" ಎಂದರು. ಅವರು ಒಪ್ಪಲಿಲ್ಲ.

"ನೀವು ತಿರುಗ್ಸಿದ್ರೆ ಏನು ಬಂತು ಸಾಹೇಬ್ರೆ? ಮೇಡಮ್ಮೋರು ಕುಂತಲ್ಲೇ ತಿರುಗಿಸ್ಬೇಕು."

ನಾನು ತಿರುಗಿಸಿದೆ. ಕೈ ಸೋತಿತು. ಬಿಚ್ಚಿ ಹಿಡಿಯನ್ನು ಉದ್ದ ಮಾಡಿದರು. ಮತ್ತೆ ತಿರುಗಿಸಿದೆ. ಎತ್ತರ ಸರಿಯಿರಲಿಲ್ಲ. ಮತ್ತೆ ಬಿಚ್ಚಿದರು. ಕೊನೆಗೆ ನಾನು ಒಂದೇ ಕೈಯಲ್ಲಿ ಇಡೀ ಹೊದಿಕೆಯನ್ನು ಸುತ್ತಿ ತೆಗೆದಾಗ ಮಾತ್ರ ಚೀಲ ಕಟ್ಟಿದರು. ಹೊರಡುವಾಗ ಒಂದು ಮಾತು ಹೇಳಿದರು: "ಅರ್ಧ ತೆಗ್ದು ಯಾವತ್ತೂ ಇಳೀಬ್ಯಾಡ್ರಿ. ಅದರಡಿ ಸಿಕ್ಕಂಡ್ರೆ ಉಸುರಿಲ್ಲ. ಪೂರಾ ತೆಗೀರಿ, ಆಮ್ಯಾಲೆ ಇಳೀರಿ."

ಅಪಘಾತವಾದಾಗಿನಿಂದ ಎಲ್ಲರೂ ನನಗಾಗಿ ಎಲ್ಲವನ್ನೂ ಮಾಡುತ್ತಿದ್ದರು. ಅವರೊಬ್ಬರೇ ನಾನು ಮಾಡಬಹುದಾದ ಹಾಗೆ ಮಾಡಿಕೊಟ್ಟವರು.

ಗಾಳಿಗೆ ಅಡ್ಡ ಗೋಡೆ ಕಟ್ಟಿಸೋಣ ಎಂದು ನಾನು ಹೇಳಿದ್ದೆ. "ಗ್ವಾಡೆ ಬ್ಯಾಡ. ಗಾಳಿ ಗ್ವಾಡೆ ಹತ್ತಿ ಈಕಡೆ ಧುಮುಕ್ತೈತೆ. ಬೇಲಿ ಆದ್ರೆ ಸೋಸಿ ಬಿಡ್ತೈತೆ," ಎಂದರು. ಬಬ್ಬೂರಿನ ತೋಟದಲ್ಲಿ ಸಸಿಮಡಿಗಳ ಪಕ್ಕ ಸರ್ವೆ ಮರ ಸಾಲಾಗಿ ಹಾಕುವುದನ್ನು ನೋಡಿ ಕಲಿತದ್ದಂತೆ. ಪಶ್ಚಿಮದ ಕಡೆಗೆ ಹಸಿರು ಬಲೆ ಕಟ್ಟಿ, ಅದರ ಬುಡದಲ್ಲಿ ಸಸಿ ನೆಟ್ಟರು. ಈಗ ಆ ಬೇಲಿ ನನ್ನ ತಲೆಗಿಂತ ಎತ್ತರಕ್ಕೆ ಬೆಳೆದಿದೆ.

ಕೊಳದ ಒಂದು ಬದಿ ಏಳಡಿ ಆಳವಿತ್ತು. ಕೋಲು ಬಿಟ್ಟು ಅಳೆದು ನೋಡಿ, "ಇಲ್ಲಿ ಯಾರಿಳೀತಾರೆ?" ಎಂದು ಕೇಳಿದರು. ಯಾರೂ ಇಲ್ಲ ಎಂದೆ. "ಮತ್ತೆ ಮುಳುಗೋ ಆಳಾನ ಯಾಕೆ ಕಾಯಿಸ್ತೀರಿ?" ನಡುವೆ ಗೋಡೆಯೆಬ್ಬಿಸಿ ಆಳದ ಭಾಗವನ್ನು ಬೇರೆ ಮಾಡಿದೆವು. ಹಾಗೆ ಮಣ್ಣಿನ ಟ್ರ್ಯಾಕ್ಟರು ಕೊನೆಗೂ ನಮ್ಮ ಹಿತ್ತಲಿಗೆ ಬಂತು, ಅರ್ಧ ಕೊಳಕ್ಕೆ. ಯಜಮಾನರಿಗೆ ಅವರ ಕರಿಬೇವು ಸಿಕ್ಕಿತು, ನನಗೆ ನನ್ನ ನೀರು. ಅವತ್ತಿನಿಂದ ಅವರೂ ಯಜಮಾನರೂ ಸ್ನೇಹಿತರು.

ಅವರು ಯಾವತ್ತೂ ತಪ್ಪದವರೇನಲ್ಲ. ನೀರನ್ನು ಫಿಲ್ಟರಿನ ಮೂಲಕ ಹಾಯಿಸುವ ಮೋಟಾರು ದಿನವಿಡೀ ಓಡುವುದು ದಂಡ ಎಂದು ಅದನ್ನು ಎರಡೇ ಗಂಟೆಗೆ ಇಳಿಸಿಬಿಟ್ಟರು. ಮೂರನೇ ವಾರಕ್ಕೆ ನೀರು ಹಸಿರಾಯಿತು. ಪಾಚಿ ಕಟ್ಟಿ, ಮೆಟ್ಟಿಲು ಜಾರಿ, ನಾನು ಹದಿನೈದು ದಿನ ನೀರಿಗಿಳಿಯಲಾಗಲಿಲ್ಲ. ಕಾಲು ಮತ್ತೆ ಬಿಗಿಯಿತು. ಅಷ್ಟೂ ದಿನದ ಶ್ರಮ ವ್ಯರ್ಥವಾಯಿತೆಂದು ಫೋನಿನಲ್ಲಿ ಅವರ ಮೇಲೆ ಕೂಗಾಡಿದೆ. ಹೊಳಲ್ಕೆರೆಯಲ್ಲಿ ಬಸ್ಸು ಬದಲಿಸಿ ಮೊದಲ ಬಸ್ಸಿಗೇ ಬಂದರು. ನೆಪ ಹೇಳಲಿಲ್ಲ.

"ತಪ್ಪು ನಂದೇ ಮೇಡಮ್ಮೋರೆ. ಹೊಲದ ನೀರಿನ ಲೆಕ್ಕದಾಗೆ ನೋಡ್ದೆ. ಇದು ನಿಂತ ನೀರು."

ನೀರು ಖಾಲಿ ಮಾಡಿಸಿ, ತಾವೇ ಒಳಗಿಳಿದು ಇಡೀ ದಿನ ತೆಂಗಿನ ನಾರಿನಿಂದ ಗೋಡೆ ಉಜ್ಜಿದರು. ಕೂಲಿಯವರನ್ನು ಕರೆಸುತ್ತೇನೆಂದರೂ ಕೇಳಲಿಲ್ಲ. ಮಧ್ಯಾಹ್ನ ಊಟಕ್ಕೆ ಕರೆದರೆ, "ಮುಗಿಸ್ಕಂಡು ಬರ್ತೀನಿ" ಎಂದರು. ಮುಗಿಯುವಾಗ ಐದಾಗಿತ್ತು.

ಆ ಹಸಿರು ನೀರೇ ಅವರಿಗೆ ಮುಂದಿನ ದಾರಿ ತೋರಿಸಿತು. ಮೋಟಾರಿನ ಓಟವನ್ನು ನಿಧಾನ ಮಾಡುವ ಒಂದು ಪೆಟ್ಟಿಗೆ ಎಲ್ಲಿಂದಲೋ ತಂದು ಜೋಡಿಸಿದರು. "ಓಡೋ ಕುದುರೆಗೆ ಹುಲ್ಲು ಜಾಸ್ತಿ. ನಡಿಯೋ ಎತ್ತಿಗೆ ಕಮ್ಮಿ. ದೂರ ಎರಡೂ ಹೋಗ್ತಾವೆ," ಎಂದರು. ವೇಗ ಅರ್ಧಕ್ಕೆ ಇಳಿದರೆ ಕರೆಂಟು ಅರ್ಧಕ್ಕಲ್ಲ, ಅದಕ್ಕಿಂತ ಬಹಳ ಕೆಳಗೆ ಇಳಿಯುತ್ತದೆ ಎಂಬ ನಿಯಮ ನನ್ನ ಪುಸ್ತಕದಲ್ಲಿತ್ತು. ಕಾಗದದ ಮೇಲೆ ಬರೆದು ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿ, ಮಡಿಸಿ ಜೇಬಿಗಿಟ್ಟುಕೊಂಡರು. "ನಂದು ಸರಿ ಅಂತ ಪುಸ್ತಕದಾಗೂ ಬರ್ದವ್ರಲ್ಲ, ಸಾಕು," ಎಂದು ನಕ್ಕರು. ಮೋಟಾರು ಮೆಲ್ಲಗೆ ಹೆಚ್ಚು ಹೊತ್ತು ಓಡಿತು. ನೀರು ತಿಳಿಯಾಗಿಯೇ ಉಳಿಯಿತು.

ಕೊನೆಗೆ ತಾರಸಿಯ ಮೇಲೆ ಕಪ್ಪು ಪೈಪನ್ನು ಚಕ್ಕುಲಿಯ ಹಾಗೆ ಸುತ್ತಿ ಹಾಸಿ, ಕೊಳದ ನೀರು ಅದರೊಳಗೆ ಹಾದು ಬರುವಂತೆ ಮಾಡಿದರು. ಚಿತ್ರದುರ್ಗದ ಬಿಸಿಲಿಗೇನು ಬರವೇ? ಆಮೇಲೆ ಹೀಟರು ಉರಿಯುವುದು ಮೋಡ ಕವಿದ ದಿನಗಳಲ್ಲಿ, ಪುಷ್ಯಮಾಸದ ಚಳಿಯಲ್ಲಿ ಮಾತ್ರ. ಮುಂದಿನ ಬಿಲ್ಲು ಬಂದಾಗ ಯಜಮಾನರು ಮೀಟರು ಕೆಟ್ಟಿದೆ ಎಂದು ತಿಳಿದು, ಕಚೇರಿಯವರನ್ನು ಕರೆಸಿ ನೋಡಿಸಿದರು. ಮೀಟರು ಸರಿಯಾಗಿಯೇ ಇತ್ತು.

ವರ್ಷ ಕಳೆಯುವಷ್ಟರಲ್ಲಿ ನಾನು ಊರುಗೋಲು ಹಿಡಿದು ನೆಲದ ಮೇಲೆ ನಡೆದೆ. ಹಿತ್ತಲ ಬಾಗಿಲಿಂದ ಅವರು ಕೂತಿದ್ದಲ್ಲಿಗೆ ಹದಿನಾಲ್ಕು ಹೆಜ್ಜೆ. ಟೀ ಲೋಟ ಕೆಳಗಿಟ್ಟು ಎದ್ದು ನಿಂತರು. "ಬೇರಿಂಗು ಕೂತ್ಕಂಡೈತೆ" ಎಂದರು.

ಇಷ್ಟೇ ಆಗಿದ್ದರೆ ನಾನು ಬರೀ ಋಣದ ಮಾತು ಬರೆದು ಮುಗಿಸಬಹುದಿತ್ತು. ಆದರೆ ನನ್ನ ಬಗ್ಗೆಯೂ ಒಂದು ಮಾತು ಬರೆಯಬೇಕು.

ಒಂದು ದಿನ ಫಿಲ್ಟರು ತೊಳೆಯಲು ಬಂದವರು ಹೊರಡದೆ ನಿಂತರು. ಟವೆಲ್ಲನ್ನು ಕೈಯಲ್ಲಿ ಹಿಂಡುತ್ತ ಕೇಳಿದರು: "ನಮ್ಮತ್ತಿಗೆ ಒಬ್ರು ಅದಾರೆ. ಅಣ್ಣ ಹೋದ ಮ್ಯಾಲೆ ನನ್ನ ಸಾಕಿದೋರು ಅವ್ರೇ. ಸೊಂಟ ಹಿಡ್ದು ಬಗ್ಗಾಕಾಗ್ತಿಲ್ಲ, ಏಳಾಕಾಗ್ತಿಲ್ಲ. ಕೂಲಿ ಏನೂ ಬ್ಯಾಡ ಮೇಡಮ್ಮೋರೆ. ವಾರಕ್ಕೊಂದು ದಿನ ಈ ತೊಟ್ಟೀಲಿ ಇಳ್ಸಬೌದಾ?"

ನಾನು ಕೂಡಲೇ ಹೂಂ ಎನ್ನಲಿಲ್ಲ. "ನೋಡೋಣ" ಎಂದೆ. ಅವರ ಮುಖ ಬದಲಾಗಲಿಲ್ಲ. "ಆಯ್ತು ಬಿಡ್ರಿ" ಎಂದು ಹೋದರು.

ಎರಡು ದಿನ ನಾನು ನೆಪಗಳನ್ನು ಹುಡುಕಿದೆ. ಆ ಮುದುಕಿ ಜಾರಿ ಬಿದ್ದರೆ? ನೀರು ಕೆಟ್ಟರೆ? ಒಂದೊಂದಕ್ಕೂ ಉತ್ತರ ನನ್ನಲ್ಲೇ ಇತ್ತು. ಕಂಬಿ ಇದೆ, ಫಿಲ್ಟರಿದೆ. ಕಡೆಗೆ ಉಳಿದದ್ದು ಒಂದೇ: ನಾನು ಇಳಿಯುವ ನೀರಿಗೆ ಅವರ ಮನೆಯವರೂ ಇಳಿಯಬೇಕೇ ಎಂಬ ಮಾತು. ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ನನ್ನೊಳಗೆ ಅದು ಇತ್ತು. ಪಾಚಿ ಕಟ್ಟಿದ ಗೋಡೆಯನ್ನು ಊಟ ಬಿಟ್ಟು ಉಜ್ಜಿದ ಕೈ ಯಾರದು? ಮೂರನೇ ದಿನ ಅವರು ಎಂದಿನಂತೆ ಬಂದರು, ಎಂದಿನಂತೆ ಸ್ಕ್ರೂಡ್ರೈವರನ್ನು ಕಿವಿಗಿಟ್ಟರು, ಅತ್ತಿಗೆಯ ಮಾತೆತ್ತಲಿಲ್ಲ. ನನಗೆ ಕೂತಲ್ಲಿ ಕೂರಲಾಗಲಿಲ್ಲ.

"ಶನಿವಾರ ಕರ್ಕೊಂಡು ಬನ್ನಿ," ಎಂದೆ. "ಮೊನ್ನೆಯೇ ಹೇಳಬೇಕಿತ್ತು. ನನ್ನದು ತಪ್ಪಾಯ್ತು."

"ಏಯ್, ಬಿಡ್ರಿ ಮೇಡಮ್ಮೋರೆ," ಎಂದರು. "ಮನೆ ಅಂದ್ಮ್ಯಾಲೆ ಯೋಚ್ನೆ ಮಾಡ್ಬೇಕಲ್ಲ." ನನ್ನ ಮರ್ಯಾದೆಯನ್ನು ನನಗೇ ಮಡಿಸಿ ವಾಪಸು ಕೊಟ್ಟರು.

ಅತ್ತಿಗೆ ಬಂದರು. ಎಪ್ಪತ್ತು ದಾಟಿದ, ಸಣ್ಣ ಮೈಯ ಹೆಂಗಸು. ಸೀರೆಯನ್ನು ಕಚ್ಚೆ ಹಾಕಿಕೊಂಡು, ಮೊದಲ ಮೆಟ್ಟಿಲಲ್ಲೇ "ಯವ್ವಾ, ಒಲ್ಲೆ" ಎಂದು ನಿಂತುಬಿಟ್ಟರು. ನಾನು ಕೆಳಗಿಂದ ಎರಡೂ ಕೈ ಹಿಡಿದುಕೊಂಡೆ. ಮೂರು ಮೆಟ್ಟಿಲಿಗೆ ಅರ್ಧ ಗಂಟೆ ಬೇಕಾಯಿತು. ನಾವು ನೀರಲ್ಲಿರುವಷ್ಟು ಹೊತ್ತೂ ಅವರು ಬೇಲಿಯಾಚೆ, ಮೋಟಾರಿನ ಪಕ್ಕದಲ್ಲಿ ನಮಗೆ ಬೆನ್ನು ಮಾಡಿ ಕೂತಿದ್ದರು. "ಹೆಂಗೈತೆ ಅತ್ತಿಗೆ?" ಎಂದು ಅಲ್ಲಿಂದಲೇ ಕೂಗಿದರು. ಅತ್ತಿಗೆ ನನ್ನ ಕೈ ಬಿಟ್ಟು ಕಂಬಿ ಹಿಡಿದು ತಾವೇ ನಿಂತಿದ್ದರು. ಕಣ್ಣಲ್ಲಿ ನೀರಿತ್ತು.

ಆಮೇಲೆ ಬಿ.ದುರ್ಗದವರೇ ಆದ ಇನ್ನಿಬ್ಬರು ಮೊಣಕಾಲು ನೋವಿನ ಹೆಂಗಸರು ಜೊತೆಯಾದರು. ಶನಿವಾರ ನಮ್ಮ ಹಿತ್ತಲಲ್ಲಿ ಮಾತೇ ಮಾತು. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟದ್ದನ್ನು ನಾನು ಅವರಿಗೆ ಹೇಳಿಕೊಡುತ್ತೇನೆ. ನಿವೃತ್ತಿಯ ನಂತರ ನನಗೆ ಸಿಕ್ಕ ತರಗತಿ ಅದು. ಒಬ್ಬಳಿಗೇ ದುಬಾರಿಯೆಂದು ಮುಚ್ಚಹೊರಟಿದ್ದ ನೀರು ನಾಲ್ವರಿಗೆ ಸಾಕಾಗಿ ಉಳಿಯಿತು.

ಕಳೆದ ತಿಂಗಳು ಹೊಸದುರ್ಗದಿಂದ ಅವರ ಮಗಳು ಫೋನು ಮಾಡಿದಳು. ಎದೆನೋವು ಬಂದು ಎರಡೇ ದಿನದಲ್ಲಿ ಹೋಗಿಬಿಟ್ಟರಂತೆ. ನಾವು ಬಿ.ದುರ್ಗಕ್ಕೆ ಹೋದೆವು. ಕಾರು ರಸ್ತೆಯಲ್ಲೇ ನಿಂತಿತು. ಓಣಿ ಕಿರಿದು, ಕಲ್ಲು ಬೇರೆ. ನಾನು ಅಷ್ಟು ದೂರವೂ ಊರುಗೋಲು ಹಿಡಿದು ನಡೆದುಕೊಂಡೇ ಹೋದೆ. ಅವರ ಮುಂದೆ ಅಷ್ಟು ದೂರ ನಾನೆಂದೂ ನಡೆದಿರಲಿಲ್ಲ.

ಅವರ ಉತ್ತರಕ್ರಿಯೆ ಮುಗಿದ ಮೇಲಿನ ಶನಿವಾರ ಯಾರೂ ಬರಲಾರರು ಎಂದುಕೊಂಡಿದ್ದೆ. ನೀರಿಗಿಳಿಯಲು ನನಗೂ ಮನಸ್ಸಿರಲಿಲ್ಲ. ಕೊಳದ ಪಕ್ಕ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂತಿದ್ದೆ. ಹತ್ತು ಗಂಟೆಗೆ ಗೇಟಿನಲ್ಲಿ ಆಟೋ ನಿಂತ ಸದ್ದಾಯಿತು. ಮೂವರೂ ಬಂದಿದ್ದರು.

ಅತ್ತಿಗೆ ನನ್ನ ಹತ್ತಿರ ಬಂದು ಒಂದು ಗಳಿಗೆ ನಿಂತರು. ಆಮೇಲೆ ಸೀರೆಯನ್ನು ಸಿಕ್ಕಿಸಿಕೊಂಡು, ಕಂಬಿ ಹಿಡಿದು, ಯಾರ ಕೈಯನ್ನೂ ಕೇಳದೆ ಮೂರೂ ಮೆಟ್ಟಿಲು ಇಳಿದರು. ಎದೆಮಟ್ಟದ ನೀರಲ್ಲಿ ನೆಟ್ಟಗೆ ನಿಂತು ನನ್ನ ಕಡೆ ಕೈ ಚಾಚಿದರು.

"ಬರ್ರಿ ಮೇಡಮ್ಮೋರೆ," ಎಂದರು. "ನೀರು ಬೆಚ್ಚಗೈತೆ."